ಹಳೆ ಕಾರು ಮಾರುವ ಮುಂಚೆ ಮ್ಯಾಟ್ ಎತ್ತಿ ನೋಡಿ

ಸಂಪಾದಕರಿಗೆ ನಮಸ್ಕಾರ.

ಹದಿನೈದು ದಿನದ ಹಿಂದೆ ನಿಮ್ಮ ಪತ್ರಿಕೆಯಲ್ಲಿ ಹಳೆ ಕಾರು ರಿಪೇರಿ ಮಾಡಿಸಬೇಕೋ ಹೊಸದು ತಗೋಬೇಕೋ ಅಂತ ಒಂದು ಬರಹ ಬಂದಿತ್ತು. ರಿಪೇರಿ ಖರ್ಚು ಕಾರಿನ ಬೆಲೆಯ ಅರ್ಧ ದಾಟಿತು ಅಂದರೆ ಹಿಂದೆಮುಂದೆ ನೋಡದೆ ಮಾರಿಬಿಡಿ ಅಂತ ಅದರಲ್ಲಿತ್ತು. ಅವತ್ತೇ ಉತ್ತರ ಬರೆಯಬೇಕು ಅಂದುಕೊಂಡೆ. ಅಡಿಕೆ ಸುಗ್ಗಿ, ಮಂಡಿಯಲ್ಲಿ ಕೆಲಸ ಜಾಸ್ತಿ, ಆಗಲಿಲ್ಲ. ಈಗ ಕೂತಿದ್ದೇನೆ. ಪತ್ರ ಉದ್ದ ಆದೀತು. ಕತ್ತರಿಸಲೇಬೇಕು ಅಂದರೆ ಎಲ್ಲಾದರೂ ಕತ್ತರಿಸಿ, ತುಕ್ಕಿನ ವಿಷಯ ಮಾತ್ರ ಬಿಡಬೇಡಿ.

ನಾನು ಸಾಗರದ ಒಂದು ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುವವನು. 2009ರ ಫೆಬ್ರುವರಿಯಲ್ಲಿ ಸಾಲ ಮಾಡಿ ವ್ಯಾಗನ್ ಆರ್ ತಗೊಂಡೆ. ಹಳೆ ಮಾದರಿ, ಡಬ್ಬಿ ಥರ ಇದೆಯಲ್ಲ, ಅದು. 1061 ಸಿಸಿ ಎಂಜಿನ್. ಇಲ್ಲೊಂದು ತಮಾಷೆ ಇದೆ. 1000 ಸಿಸಿ ಒಳಗಿನ ಕಾರಿಗೆ ವರ್ಷದ ಥರ್ಡ್ ಪಾರ್ಟಿ ವಿಮೆ (ನಮ್ಮ ಗಾಡಿಯಿಂದ ಬೇರೆಯವರಿಗೆ ಆಗುವ ನಷ್ಟಕ್ಕೆ ಇರುವ ಕಡ್ಡಾಯ ವಿಮೆ) 2022ರ ದರದಲ್ಲಿ 2,094 ರೂಪಾಯಿ, 1000 ದಾಟಿತೋ 3,416. ಆ 61 ಸಿಸಿಯಿಂದ ನನಗೆ ಒಂದು ಚೂರೂ ಹೆಚ್ಚಿನ ಸ್ಪೀಡ್ ಸಿಕ್ಕಿಲ್ಲ, ಆದರೆ ಆ ದರ ಬಂದಾಗಿನಿಂದ ವರ್ಷ ವರ್ಷ 1,322 ರೂಪಾಯಿ ಹೆಚ್ಚು ಕಟ್ಟುತ್ತಾ ಬಂದಿದ್ದೇನೆ, ಮೇಲೆ ಜಿಎಸ್‌ಟಿ ಬೇರೆ. ಇರಲಿ.

ಗಾಡಿ ಓಡುವುದು ವರ್ಷಕ್ಕೆ ಹೆಚ್ಚೆಂದರೆ ಆರು ಸಾವಿರ ಕಿಲೋಮೀಟರ್. ಮನೆಯಿಂದ ಮಂಡಿ, ಮಂಡಿಯಿಂದ ಮನೆ, ತೋಟ, ಮದುವೆ ಮುಂಜಿ, ಮೊದಲೆಲ್ಲ ಆಗೀಗ ಶಿವಮೊಗ್ಗ. ಇದನ್ನು ಮೊದಲೇ ಹೇಳುತ್ತಿರುವುದು ಯಾಕೆ ಅಂದರೆ, ದಿನಾ ಐವತ್ತು ಅರವತ್ತು ಕಿಲೋಮೀಟರ್ ಓಡಿಸುವವರ ಲೆಕ್ಕವೇ ಬೇರೆ. ನನ್ನ ಲೆಕ್ಕ ತಗೊಂಡು ಹೋಗಿ ಅವರು ಏನೋ ಮಾಡಿಕೊಂಡು ನನಗೆ ಬೈಯುವುದು ಬೇಡ.

ಮೂರು ವರ್ಷದ ಹಿಂದೆ ಬೆಳಿಗ್ಗೆ ಗಾಡಿ ಸ್ಟಾರ್ಟ್ ಮಾಡಿದಾಗ ಹಿಂದಿನಿಂದ ನೀಲಿ ಹೊಗೆ ಬರಲು ಶುರುವಾಯಿತು. ಶಿವಮೊಗ್ಗದ ಒಂದು ಸರ್ವಿಸ್ ಸೆಂಟರ್‌ಗೆ ತಗೊಂಡು ಹೋದೆ. ಕೈಯಲ್ಲಿ ಟ್ಯಾಬ್ ಹಿಡಿದ ಒಬ್ಬ ಹುಡುಗ ಬಂದ, ಬಹಳ ಮರ್ಯಾದೆಯಿಂದ ಮಾತಾಡಿಸಿದ, ಕಾಫಿ ಕೊಡಿಸಿದ. ಒಂದು ಗಂಟೆ ಆದಮೇಲೆ ಎಸ್ಟಿಮೇಟ್ ತಂದುಕೊಟ್ಟ. ಎಂಜಿನ್ ಪೂರ್ತಿ ಬಿಚ್ಚಿ ಮಾಡಬೇಕು ಸರ್, 52,400 ಆಗುತ್ತದೆ, ಈ ಗಾಡಿಗೆ ಅಷ್ಟು ಹಾಕುವುದಕ್ಕಿಂತ ಎಕ್ಸ್‌ಚೇಂಜ್ ಮಾಡಿಬಿಡಿ ಅಂದ. ಪಕ್ಕದ ಬಾಗಿಲು ತೆರೆದರೆ ಅವರದೇ ಶೋರೂಮ್. ಆಗ ನನ್ನ ಕಾರಿಗೆ ಮಾರ್ಕೆಟ್‌ನಲ್ಲಿ 80,000 ಸಿಗುತ್ತಿತ್ತು. ಅಂದರೆ ನಿಮ್ಮ ಬರಹದ ಲೆಕ್ಕದ ಪ್ರಕಾರ ನಾನು ಅವತ್ತೇ ಮಾರಬೇಕಿತ್ತು.

ಮಾರಲಿಲ್ಲ. ಧೈರ್ಯದಿಂದ ಏನಲ್ಲ, ಕೈಯಲ್ಲಿ ದುಡ್ಡಿರಲಿಲ್ಲ ಅಷ್ಟೆ.

ವಾಪಸ್ ಬಂದು ನಮ್ಮೂರಿನ ಗ್ಯಾರೇಜಿಗೆ ಹೋದೆ. ತಗಡಿನ ಶೆಡ್, ಮುಂದೆ ಒಂದು ಹಲಸಿನ ಮರ, ಯಾವಾಗಲೂ ನಾಲ್ಕೈದು ಗಾಡಿ ಬಾಯಿ ತೆರೆದುಕೊಂಡು ನಿಂತಿರುತ್ತವೆ. ಮೇಸ್ತ್ರಿ ಎಸ್ಟಿಮೇಟ್ ಓದಲೇ ಇಲ್ಲ. "ರಾತ್ರಿ ಗಾಡಿ ಇಲ್ಲೇ ಬಿಟ್ಟು ಹೋಗಿ ಸಾರ್, ಬೆಳಿಗ್ಗೆ ತಣ್ಣಗಿರುವಾಗ ನಾನೇ ಸ್ಟಾರ್ಟ್ ಮಾಡ್ತೀನಿ" ಅಂದ. ಮಾರನೇ ದಿನ ನಾನು ಹೋಗುವವರೆಗೂ ಕೀ ಮುಟ್ಟಿರಲಿಲ್ಲ. ಸ್ಟಾರ್ಟ್ ಮಾಡಿದ. ಬುಸ್ ಅಂತ ನೀಲಿ ಹೊಗೆ ಬಂತು, ಎರಡು ನಿಮಿಷದಲ್ಲಿ ಪೂರಾ ನಿಂತಿತು. ಆಮೇಲೆ ನನ್ನನ್ನು ಕೂರಿಸಿಕೊಂಡು ಒಂದು ಏರು ಹತ್ತಿಸಿದ, ನಡುವೆ ಕಾಲು ಬಿಟ್ಟು ಮತ್ತೆ ಒತ್ತಿದ, ಹಿಂದೆ ನೋಡಿ ಅಂದ. ಹೊಗೆ ಇಲ್ಲ.

"ರಿಂಗ್ ಹೋಗಿದ್ರೆ ಏರಿನಲ್ಲಿ ಹೊಗೆ ಬರ್ಬೇಕಿತ್ತು. ಇದು ಬರೀ ಸೀಲು."

ಮೇಲೆ ವಾಲ್ವ್‌ಗಳಿಗೆ ಚಿಕ್ಕ ರಬ್ಬರ್ ಸೀಲ್ ಇರುತ್ತವೆ. ವಯಸ್ಸಾದಂತೆ ಅವು ಗಟ್ಟಿಯಾಗುತ್ತವೆ. ರಾತ್ರಿಯಿಡೀ ನಿಂತ ಗಾಡಿಯಲ್ಲಿ ಆಯಿಲ್ ಅವುಗಳ ಸಂದಿಯಿಂದ ಹನಿ ಹನಿ ಕೆಳಗಿಳಿದು ಸಿಲಿಂಡರ್ ಒಳಗೆ ಸೇರುತ್ತದೆ, ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಅದು ಸುಟ್ಟು ಹೊಗೆ. ಅಷ್ಟೇ ಕಥೆ. ಸಿಲಿಂಡರ್ ಒಳಗೆ ಪಿಸ್ಟನ್ ಸುತ್ತ ಇರುವ ರಿಂಗ್ ಸವೆದಿದ್ದರೆ ಎಂಜಿನ್ ಬಿಸಿಯಾದ ಮೇಲೂ, ಏರು ಹತ್ತುವಾಗಲೂ, ಆಕ್ಸಿಲರೇಟರ್ ಒತ್ತಿದಾಗೆಲ್ಲ ಹೊಗೆ ಬರುತ್ತಲೇ ಇರುತ್ತದೆ. ಬಿಳಿ ಹೊಗೆ ಬಿಡದೇ ಬರುತ್ತಿದ್ದು ಎಂಜಿನ್ ತಣ್ಣಗಿಡುವ ಕೂಲಂಟ್ ಕಡಿಮೆ ಆಗುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ನೋಡಿಸಬೇಕು. ಮೂರೂ ಹೊಗೆಯೇ, ಆದರೆ ಮೂರಕ್ಕೂ ಬೇರೆ ಬೇರೆ ಬಿಲ್ಲು. ಕಂಪ್ರೆಷನ್ ಗೇಜ್ ಇಟ್ಟು ನಾಲ್ಕೂ ಸಿಲಿಂಡರ್ ನೋಡಿದ, ಸರಿ ಇತ್ತು. ಸೀಲ್ ಬದಲಾಯಿಸಿದ. ಹಳೆ ಸೀಲ್‌ಗಳನ್ನು ಒಂದು ಬಟ್ಟೆ ಚೂರಿನಲ್ಲಿ ಹಾಕಿ ನನ್ನ ಕೈಗೆ ಕೊಟ್ಟ. ರಬ್ಬರ್ ಅಂತೀರಲ್ಲ, ಅಂಗಿ ಗುಂಡಿಯ ಥರ ಆಗಿದ್ದವು, ಉಗುರು ಒತ್ತಿದರೆ ಒಂದು ಗೀರು ಕೂಡ ಬೀಳಲಿಲ್ಲ. ಒಟ್ಟು 8,700 ಆಯಿತು. ಅದಾದ ಮೇಲೆ ಇವತ್ತಿನವರೆಗೆ ಹೊಗೆ ನೋಡಿಲ್ಲ.

ಆ ಟ್ಯಾಬ್ ಹುಡುಗ ಮೋಸಗಾರ ಅಂತ ನಾನು ಹೇಳುತ್ತಿಲ್ಲ. ಅವನಿಗೆ ಇಪ್ಪತ್ತಮೂರೋ ಇಪ್ಪತ್ತನಾಲ್ಕೋ. ಅವನ ಕೈಗೆ ಬರುವುದೆಲ್ಲ ವಾರಂಟಿ ಇರುವ ಹೊಸ ಗಾಡಿಗಳು. ಹದಿನಾಲ್ಕು ವರ್ಷದ ಗಾಡಿ ರಾತ್ರಿ ನಿಲ್ಲಿಸಿ ಬೆಳಿಗ್ಗೆ ಕಾದು ನೋಡುವಷ್ಟು ಪುರುಸೊತ್ತು ಅಲ್ಲಿ ಯಾರಿಗೂ ಇಲ್ಲ. ಆದರೆ ಎರಡನೇ ಕಡೆ ತೋರಿಸದೆ ನಿರ್ಧಾರ ಮಾಡಬೇಡಿ ಅನ್ನುವ ಒಂದು ಸಾಲು ನಿಮ್ಮ ಬರಹದಲ್ಲಿ ಇರಬೇಕಿತ್ತು, ಅಲ್ವಾ?

ಈಗ ಆ ಅರ್ಧ ಬೆಲೆಯ ಸೂತ್ರಕ್ಕೆ ಬರುತ್ತೇನೆ. ಒಂದು ವೇಳೆ ಆ 52,400 ಖರ್ಚು ನಿಜವೇ ಆಗಿತ್ತು ಅಂತ ಇಟ್ಟುಕೊಳ್ಳಿ. ಮಾರಿದರೆ 80,000. ರಿಪೇರಿಗೆ ಇಟ್ಟ ದುಡ್ಡೂ ಸೇರಿಸಿದರೆ ಒಂದು ಲಕ್ಷದ ಮೂವತ್ತು ಸಾವಿರ ಚಿಲ್ಲರೆ. ಅದಕ್ಕೆ ಏನು ಬರುತ್ತದೆ? ಇನ್ನೊಂದು ಹಳೆ ಕಾರು. ಅದನ್ನು ಯಾರು ಓಡಿಸಿದರು, ಎಲ್ಲಿ ಗುದ್ದಿಸಿದರು, ಆಯಿಲ್ ಬದಲಾಯಿಸಿದರೋ ಇಲ್ಲವೋ, ಮೀಟರ್ ಹಿಂದಕ್ಕೆ ತಿರುಗಿಸಿದ್ದಾರೋ ಏನೋ, ಒಂದೂ ಗೊತ್ತಿಲ್ಲ. ನನ್ನ ಗಾಡಿಯ ಜಾತಕ ನನಗೆ ಬಾಯಿಪಾಠ. ಮಾರ್ಕೆಟ್ ಬೆಲೆ ಅನ್ನುವುದು ಮಾರುವವನಿಗೆ ಬೇಕಾದ ಲೆಕ್ಕ. ಇಟ್ಟುಕೊಂಡು ಓಡಿಸುವವನು ನೋಡಬೇಕಾದದ್ದು, ಇದರ ಬದಲಿಗೆ ಇನ್ನೊಂದು ತಂದರೆ ತಿಂಗಳಿಗೆ ಎಷ್ಟು ಹೋಗುತ್ತದೆ ಅನ್ನುವುದನ್ನು.

ಅದನ್ನೂ ಬರೆದಿಟ್ಟಿದ್ದೇನೆ. ಮಂಡಿ ಲೆಕ್ಕದವನ ಚಾಳಿ, ಏನು ಮಾಡುವುದು. 2022ರಿಂದ 2025ರ ಕೊನೆ ತನಕ ನಾಲ್ಕು ವರ್ಷದಲ್ಲಿ ಕ್ಲಚ್ ಸೆಟ್ 6,800, ಸಸ್ಪೆನ್ಷನ್ ಬುಶ್, ಲೋಯರ್ ಆರ್ಮ್ ಎಲ್ಲ ಸೇರಿ 9,400, ನಾಲ್ಕು ಟೈರ್ 13,200, ಬ್ಯಾಟರಿ 4,300, ರೇಡಿಯೇಟರ್ ಮತ್ತು ಹೋಸ್ 4,900, ಮೇಲೆ ಹೇಳಿದ ಸೀಲ್ 8,700, ಎಸಿ 17,000, ಆರ್‌ಸಿ (ಗಾಡಿಯ ನೋಂದಣಿ ಪತ್ರ) ನವೀಕರಣ ಮತ್ತು ಅದಕ್ಕೆ ಮುಂಚಿನ ಚಿಲ್ಲರೆ ಕೆಲಸ 7,500. ಒಟ್ಟು 71,800. ತಿಂಗಳಿಗೆ ಸುಮಾರು 1,500 ರೂಪಾಯಿ.

ಇದರಲ್ಲಿ ಎಸಿಯ 17,000 ನನ್ನ ಮೂರ್ಖತನ. ಒಪ್ಪುತ್ತೇನೆ. ಮಲೆನಾಡಿನಲ್ಲಿ ಎಸಿ ಬೇಕಾಗುವುದು ಮಾರ್ಚ್ ಏಪ್ರಿಲ್ ಎರಡು ತಿಂಗಳು. ನನ್ನ ಹೆಂಡತಿಗೆ ಗಾಜು ಏರಿಸಿದರೆ ವಾಂತಿ ಬಂದಂತಾಗುತ್ತದೆ. ಕಂಪ್ರೆಸರ್ ಹಾಕಿಸಿದ ಮರುವರ್ಷ ಬೇರೆ ಕಡೆ ಗ್ಯಾಸ್ ಲೀಕ್ ಆಯಿತು, ಈಗ ಅದು ಮತ್ತೆ ಬಿಸಿ ಗಾಳಿಯನ್ನೇ ಊದುತ್ತಿದೆ. ಹಳೆ ಗಾಡಿಗೆ ದುಡ್ಡು ಹಾಕುವಾಗ ಓಡುವುದಕ್ಕೆ, ನಿಲ್ಲುವುದಕ್ಕೆ ಬೇಕಾದದ್ದಕ್ಕೆ ಹಾಕಬೇಕು. ಸೊಗಸಿಗೆ ಹಾಕಿದರೆ ಆ ದುಡ್ಡು ಹೋದ ಹಾಗೆಯೇ.

ಇನ್ನು ಹೊಸ ಕಾರು. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರಿನ ಮೇಲಿನ ಜಿಎಸ್‌ಟಿ 28ರಿಂದ ಶೇ 18ಕ್ಕೆ ಇಳಿಯಿತಲ್ಲ, ಅವತ್ತಿನಿಂದ ನನ್ನ ಫೋನಿಗೆ ಪುರುಸೊತ್ತಿಲ್ಲ. ಬೆಲೆ ಇಳಿದಿರುವುದು ನಿಜ, ಸುಳ್ಳಲ್ಲ. ಆದರೆ ಜಾಹೀರಾತಿನಲ್ಲಿ ಇರುವುದು ಎಕ್ಸ್ ಶೋರೂಮ್ ಬೆಲೆ, ಅಂದರೆ ರೋಡ್ ಟ್ಯಾಕ್ಸ್, ವಿಮೆ ಸೇರದ ಬೆಲೆ. ನಮ್ಮ ರಾಜ್ಯದಲ್ಲಿ ಕಾರಿನ ಜೀವಿತಾವಧಿ ತೆರಿಗೆ 5 ಲಕ್ಷದೊಳಗೆ ಇದ್ದರೆ ಶೇ 13, 5ರಿಂದ 10 ಲಕ್ಷದವರೆಗೆ ಶೇ 14, ಅದರ ಮೇಲೆ ಹದಿನೇಳು, ಹದಿನೆಂಟು. ಐದೂವರೆ ಲಕ್ಷದ ಕಾರು ಅಂದುಕೊಂಡರೆ ತೆರಿಗೆಯೇ 77,000, ಸೆಸ್ ಬೇರೆ. ನೋಡಿ, ನಾಲ್ಕು ವರ್ಷ ನನ್ನ ಗಾಡಿಗೆ ಮಾಡಿದ ಅಷ್ಟೂ ಖರ್ಚಿಗಿಂತ ಜಾಸ್ತಿ, ಅದೂ ಹೊಸ ಗಾಡಿ ಗೇಟು ದಾಟುವ ಮುಂಚೆ! ನನ್ನ ಹಳೆ ಗಾಡಿಗೆ ಆ ತೆರಿಗೆ 2009ರಲ್ಲೇ ಕಟ್ಟಿ ಮುಗಿದಿದೆ.

5 ಲಕ್ಷ ಸಾಲ, ಶೇ 9 ಬಡ್ಡಿ, ಐದು ವರ್ಷ ಅಂದರೆ ತಿಂಗಳ ಕಂತು 10,380 ಹತ್ತಿರ. ನಮ್ಮ ಮಂಡಿಯಲ್ಲಿ ಒಬ್ಬರು, ಅದು ಪೂರಾ ಖರ್ಚಲ್ಲ ಮಾರಾಯ, ಐದು ವರ್ಷ ಆದಮೇಲೆ ಗಾಡಿ ನಿನ್ನದೇ ಆಗಿ ಉಳಿಯುತ್ತಲ್ಲ ಅಂದರು. ಸರಿಯಾದ ಮಾತು. ಹಾಗಾಗಿ ಹೀಗೆ ಲೆಕ್ಕ ಹಾಕಿದೆ. ರೋಡಿಗೆ ಇಳಿಯುವಾಗ ಆರೂವರೆ ಲಕ್ಷ ಆದ ಗಾಡಿ ಐದು ವರ್ಷದ ನಂತರ ಮೂರೂವರೆಗೆ ಹೋಗಬಹುದು, ಅಲ್ಲಿಗೆ 3 ಲಕ್ಷ ಹೋಯಿತು. ಬಡ್ಡಿ ಒಂದು ಲಕ್ಷದ ಇಪ್ಪತ್ತೆರಡು ಸಾವಿರ ಚಿಲ್ಲರೆ. ಎರಡೂ ಸೇರಿಸಿ ಅರವತ್ತು ತಿಂಗಳಿಗೆ ಹಂಚಿದರೆ ತಿಂಗಳಿಗೆ 7,000. ಹೊಸ ಗಾಡಿಯ ಸರ್ವಿಸ್, ಹೆಚ್ಚುವರಿ ವಿಮೆ ಎಲ್ಲ ಬಿಟ್ಟು. ಒಂದು ಕಡೆ 1,500, ಇನ್ನೊಂದು ಕಡೆ 7,000. ನನ್ನಂತೆ ಕಡಿಮೆ ಓಡಿಸುವವರಿಗೆ ಇದರಲ್ಲಿ ತಲೆ ಕೆಡಿಸಿಕೊಳ್ಳುವಂಥದ್ದು ಏನೂ ಇಲ್ಲ.

ಎಕ್ಸ್‌ಚೇಂಜ್ ಬೋನಸ್ ಬಗ್ಗೆ ಒಂದು ಮಾತು. ಒಂದು ಶೋರೂಮ್‌ನವರು ನನ್ನ ಗಾಡಿಗೆ ಹೊರಗಿನವರಿಗಿಂತ 15,000 ಜಾಸ್ತಿ ಹೇಳಿದರು. ಖುಷಿಯಾಯಿತು. ಆಮೇಲೆ ಗಾಡಿ ಕೊಡದೆ ಬರೀ ದುಡ್ಡು ಕೊಟ್ಟು ತಗೊಂಡರೆ ಎಷ್ಟಾಗುತ್ತೆ ಅಂತ ಸುಮ್ನೆ ಕೇಳಿದೆ. ಆಗ ಬೇರೆ ಒಂದು ಡಿಸ್ಕೌಂಟ್ ಹೊರಗೆ ಬಂತು, ಅದು 20,000.

ಹದಿನೈದು ವರ್ಷದ ಭಯ ಇನ್ನೊಂದು. ದೆಹಲಿಯಲ್ಲಿ ಹಳೆ ಗಾಡಿಗೆ ಪೆಟ್ರೋಲ್ ಕೊಡುವುದಿಲ್ಲವಂತೆ ಅನ್ನುವ ಸುದ್ದಿ 2025ರಲ್ಲಿ ಟಿವಿಯಲ್ಲಿ ಬಂದದ್ದೇ ಬಂದದ್ದು, ನಮ್ಮ ಬೀದಿಯಲ್ಲೇ ಇಬ್ಬರು ಗಾಬರಿಯಿಂದ ಸಿಕ್ಕಿದ ಬೆಲೆಗೆ ಮಾರಿದರು. ಡೀಸೆಲ್‌ಗೆ 10 ವರ್ಷ, ಪೆಟ್ರೋಲ್‌ಗೆ 15 ವರ್ಷ ಅನ್ನುವುದು ದೆಹಲಿ ಮತ್ತು ಅದರ ಸುತ್ತಲಿನ ಪ್ರದೇಶದ ಕಥೆ, ಅಲ್ಲಿನ ಹೊಗೆಯ ಕಾರಣಕ್ಕೆ ಕೋರ್ಟ್ ಹಾಕಿದ ನಿಯಮ. ಕರ್ನಾಟಕದ ಖಾಸಗಿ ಕಾರಿಗೆ ಅದು ಇಲ್ಲ. ಇಲ್ಲಿ ಹದಿನೈದು ವರ್ಷಕ್ಕೆ ಆರ್‌ಸಿ ಅವಧಿ ಮುಗಿಯುತ್ತದೆ, ಗಾಡಿ ತೋರಿಸಿ, ಫಿಟ್ ಅನಿಸಿದರೆ ಐದು ವರ್ಷಕ್ಕೆ ಮುಂದುವರಿಸುತ್ತಾರೆ. ಶುಲ್ಕ ಮಾತ್ರ ಏರಿದೆ. ಮೊದಲು 600 ಇದ್ದದ್ದು 2022ರ ಏಪ್ರಿಲ್‌ನಿಂದ 5,000 ಆಯಿತು. 20 ವರ್ಷ ದಾಟಿದ ಕಾರಿಗೆ 2025ರ ಆಗಸ್ಟ್‌ನಲ್ಲಿ 10,000 ಮಾಡಿದರು. ತಡ ಮಾಡಿದರೆ ತಿಂಗಳಿಗೆ 500 ದಂಡ ಬೇರೆ, ಆದ್ದರಿಂದ ಅವಧಿ ಮುಗಿಯುವ ಎರಡು ತಿಂಗಳ ಮುಂಚೆಯೇ ಅರ್ಜಿ ಹಾಕುವುದು ಒಳ್ಳೆಯದು. ನಾನು 2024ರಲ್ಲಿ ನಾನೇ ಹೋಗಿ ಮಾಡಿಸಿಕೊಂಡು ಬಂದೆ. ಇನ್‌ಸ್ಪೆಕ್ಟರ್ ಲೈಟು, ಹಾರ್ನು, ಬ್ರೇಕು ನೋಡಿದರು, ಚಾಸಿ ನಂಬರ್ ನೋಡಿದರು, ಆಮೇಲೆ ಬಗ್ಗಿ ಟಾರ್ಚ್ ಬಿಟ್ಟು ಅಡಿ ನೋಡಿದರು. ಅಡಿ ನೋಡಿದ್ದು ನೋಡಿ ನನಗೆ ಅವರ ಮೇಲೆ ಗೌರವ ಬಂತು. ಯಾಕೆ ಅಂತ ಈಗ ಹೇಳುತ್ತೇನೆ.

ಎಲ್ಲರೂ ಎಂಜಿನ್ ಸದ್ದು ಕೇಳಿ ಗಾಡಿಯ ಆಯಸ್ಸು ಹೇಳುತ್ತಾರೆ. ನಮ್ಮ ಕಡೆ ಗಾಡಿಯ ಕಥೆ ಮುಗಿಯುವುದು ನೆಲ ತುಕ್ಕು ಹಿಡಿದು. ಎಂಜಿನ್ ಬಿಚ್ಚಬಹುದು, ಬೋರ್ ಮಾಡಿಸಬಹುದು, ಗತಿಗೆಟ್ಟರೆ ಗುಜರಿಯಿಂದ ಇನ್ನೊಂದು ಎಂಜಿನ್ ತಂದು ಕೂರಿಸಬಹುದು. ಈ ಸಣ್ಣ ಕಾರುಗಳಿಗೆ ಲಾರಿಯ ಹಾಗೆ ಬೇರೆ ಚಾಸಿ ಇರುವುದಿಲ್ಲ, ತಗಡಿನ ಬಾಡಿಯೇ ಚಾಸಿ. ಅದು ಒಳಗಿನಿಂದ ತಿಂದು ಹೋದರೆ ಮುಗಿಯಿತು.

ಹೋದ ವರ್ಷ ನನ್ನ ಭಾವನವರ ಸ್ಯಾಂಟ್ರೊ ವಿಷಯ ಹೀಗೇ ಆಯಿತು. ಅವರ ಮನೆ ಹೊಸನಗರದ ಕಡೆ, ಮಳೆ ಹೊಡೆಯಲು ಶುರುವಾದರೆ ಮೂರು ತಿಂಗಳು ಬಟ್ಟೆ ಒಣಗದ ಜಾಗ. 2007ರ ಗಾಡಿ. ಎಂಜಿನ್ ಎಂಥಾ ಚೆನ್ನಾಗಿತ್ತು ಅಂದರೆ, ಸ್ಟಾರ್ಟ್ ಆಗಿದೆಯೋ ಇಲ್ಲವೋ ಗೊತ್ತಾಗುತ್ತಿರಲಿಲ್ಲ. ಮಗ ಬಣ್ಣ ಹೊಡೆಸಿ, ಸೀಟ್ ಕವರ್ ಹಾಕಿಸಿ ಇಟ್ಟುಕೊಳ್ಳೋಣ ಅಂತ 40,000 ಎತ್ತಿಟ್ಟಿದ್ದ. ಯಾವುದಕ್ಕೂ ಒಂದು ಸಲ ತೋರಿಸಿ ಭಾವ ಅಂತ ನಾನೇ ನಮ್ಮ ಮೇಸ್ತ್ರಿ ಹತ್ತಿರ ಕರಕೊಂಡು ಬಂದೆ. ಅವನು ಬಾನೆಟ್ ಎತ್ತಲೇ ಇಲ್ಲ. ಡ್ರೈವರ್ ಕಾಲಡಿಯ ಮ್ಯಾಟ್ ಎತ್ತಿದ. ಕೆಳಗಿನ ಕಾರ್ಪೆಟ್ ಹಿಡಿದು ಎಳೆದ. ಒದ್ದೆ ನಾಯಿಯ ವಾಸನೆ ಬಂತು. ಒಂದು ಮೂಲೆಯಲ್ಲಿ ಹಸಿರು ಪಾಚಿ ಕಟ್ಟಿತ್ತು, ನಾನು ಸುಳ್ಳು ಹೇಳುತ್ತಿಲ್ಲ, ಕಾರಿನೊಳಗೆ ಪಾಚಿ. ಜೇಬಿನಿಂದ ಸ್ಕ್ರೂಡ್ರೈವರ್ ತೆಗೆದು ಹಿಡಿಕೆಯಿಂದ ಟಕ್ ಟಕ್ ಅಂತ ಬಡಿಯುತ್ತಾ ಬಂದ. ಟಕ್, ಟಕ್, ಆಮೇಲೆ ಒಂದು ಕಡೆ ಸದ್ದೇ ಬರಲಿಲ್ಲ. ತಿರುಗಿಸಿ ಮೊನೆಯಿಂದ ಸುಮ್ಮನೆ ಒತ್ತಿದ. ಹಪ್ಪಳ ಮುರಿದ ಹಾಗೆ ಒಳಗೆ ಹೋಯಿತು. ಬಗ್ಗಿ ನೋಡಿದರೆ ತೂತಿನಲ್ಲಿ ಶೆಡ್ಡಿನ ನೆಲ ಕಾಣುತ್ತಿತ್ತು.

ಡಿಕ್ಕಿಯಲ್ಲಿ ಸ್ಟೆಪ್ನಿ ಎತ್ತಿದರೆ ಇನ್ನೂ ಕೆಟ್ಟದು. ಆ ಗುಂಡಿಯಲ್ಲಿ ನೀಲಿ ಹಸಿರು ಕಲೆ. ಮೇಸ್ತ್ರಿ ಭಾವನ ಮುಖ ನೋಡಿದ, "ಮೈಲುತುತ್ತ ಹಾಕ್ಕೊಂಡು ಓಡಾಡಿದೀರಾ?" ಅಂದ. ಮೈಲುತುತ್ತ ಅಂದರೆ ತಾಮ್ರದ ಸಲ್ಫೇಟ್. ಹತ್ತು ಹನ್ನೆರಡು ವರ್ಷ ಮುಂಗಾರಿಗೆ ಮುಂಚೆ ಅಡಿಕೆಯ ಕೊಳೆ ರೋಗಕ್ಕೆ ಔಷಧಿ ಹೊಡೆಸುವ ಸಾಮಾನೆಲ್ಲ ಬಂದದ್ದು ಆ ಡಿಕ್ಕಿಯಲ್ಲೇ. ಮೈಲುತುತ್ತದ ನೀರು ಕಬ್ಬಿಣಕ್ಕೆ ಬಿದ್ದರೆ ಏನಾಗುತ್ತದೆ ಅಂತ ಅದಕ್ಕೆ ಸುಣ್ಣ ಬೆರೆಸಿ ಬೋರ್ಡೋ ದ್ರಾವಣ ಮಾಡುವ ಎಲ್ಲರಿಗೂ ಗೊತ್ತು. ಅದಕ್ಕೇ ತಾನೇ ಅದನ್ನು ಕಬ್ಬಿಣದ ಬಕೆಟ್‌ನಲ್ಲಿ ಕಲಸುವುದಿಲ್ಲ, ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಕಲಸುತ್ತೇವೆ. ಚಾಕು ಅದ್ದಿ ನೋಡುತ್ತೇವಲ್ಲ, ತಾಮ್ರದ ಬಣ್ಣ ಹಿಡಿದರೆ ಸುಣ್ಣ ಸಾಲದು ಅಂತ. ಚಾಕುವಿಗೆ ಆಗುವುದೇ ಡಿಕ್ಕಿಗೂ ಆಗುವುದು ಅಂತ ಯಾರಿಗೂ ಹೊಳೆಯಲಿಲ್ಲ. ಇದರ ಜೊತೆ ಪೊಟ್ಯಾಷ್ ಗೊಬ್ಬರದ ಚೀಲ. ಅದೂ ಒಂಥರ ಉಪ್ಪೇ, ಚೀಲ ಸೋರಿ ಮಳೆಗಾಲದ ತೇವ ಹೀರಿಕೊಂಡರೆ ತಗಡನ್ನು ತಿನ್ನದೆ ಬಿಡುವುದಿಲ್ಲ.

ಪ್ಯಾಚ್ ಹಾಕಬಹುದಾ ಅಂತ ಭಾವ ಕೇಳಿದರು. ಹಾಕಬಹುದು, ಆದರೆ ವೆಲ್ಡಿಂಗ್ ಹಿಡಿಯುವುದಕ್ಕೆ ಪಕ್ಕದಲ್ಲಿ ಗಟ್ಟಿ ತಗಡು ಬೇಕಲ್ಲ ಅಂದ ಮೇಸ್ತ್ರಿ. ಸೀಟ್ ಬೋಲ್ಟ್ ಇರುವ ಜಾಗ, ಬೆಲ್ಟ್ ಕಚ್ಚಿರುವ ಜಾಗ, ಹಿಂದಿನ ಸಸ್ಪೆನ್ಷನ್ ಕೂತ ಜಾಗ, ಈ ಮೂರರಲ್ಲಿ ಒಂದು ಹೋದರೂ ನಾನು ಕೈ ಹಾಕುವುದಿಲ್ಲ ಅಂದ. ಎರಡು ಹೋಗಿದ್ದವು. ಭಾವ ಬಹಳ ಹೊತ್ತು ಮಾತಾಡಲಿಲ್ಲ. ಅವತ್ತು ವಾಪಸ್ ಬಸ್ಸಿನಲ್ಲಿ ಹೋದರು.

ಅದೇ ಮೇಸ್ತ್ರಿ ನನ್ನ ಗಾಡಿಯನ್ನೂ ಹಾಗೇ ಬಡಿದು ನೋಡಿದ. ಒಂದು ಕಡೆ ಅಂಗೈ ಅಗಲ ತುಕ್ಕು ಸಿಕ್ಕಿತು, ಉಜ್ಜಿ, ಪ್ರೈಮರ್ ಹೊಡೆದು, ಅಡಿಗೆ ಕೋಟಿಂಗ್ ಮಾಡಿದ. ಬಾಗಿಲುಗಳ ಕೆಳಗೆ ನೀರು ಹೋಗಲು ಸಣ್ಣ ತೂತುಗಳಿರುತ್ತವೆ, ಎಷ್ಟು ಜನರಿಗೆ ಗೊತ್ತೋ ಇಲ್ಲವೋ. ಅವು ಕೆಸರಿನಿಂದ ಮುಚ್ಚಿದರೆ ಬಾಗಿಲೊಳಗೆ ನೀರು ನಿಲ್ಲುತ್ತದೆ. ಒಂದು ತೆಂಗಿನ ಕಡ್ಡಿ ಸಾಕು ಬಿಡಿಸಲು. ಮಳೆಗಾಲ ಮುಗಿದ ಮೇಲೆ ಒಂದು ಸಲ ಅಡಿಗೆ ಜೋರಾಗಿ ನೀರು ಹೊಡೆಸಿ, ಮ್ಯಾಟು ಕಾರ್ಪೆಟ್ ಬಿಸಿಲಿಗೆ ಹಾಕಿ. ಖರ್ಚು ಏನೂ ಇಲ್ಲ.

ಭಾವನ ಗಾಡಿಯನ್ನು ಕೊನೆಗೆ ಗುಜರಿಗೆ ಕೊಡುವಾಗಲೂ ಒಂದು ಎಡವಟ್ಟು ಆಗುವುದರಲ್ಲಿತ್ತು. ಊರಿನ ಗುಜರಿಯವನು ರೊಕ್ಕ ಎಣಿಸಿ ಕೊಟ್ಟು ಗಾಡಿ ಎಳೆದುಕೊಂಡು ಹೋಗಲು ಬಂದಿದ್ದ. ಆರ್‌ಸಿ ರದ್ದು ಮಾಡಿಸಿದ್ದೀರಾ ಅಂತ ನಾನು ಕೇಳಿದ್ದಕ್ಕೆ ಉಳಿಯಿತು. ಗಾಡಿ ಹೋದರೂ ದಾಖಲೆಯಲ್ಲಿ ನಿಮ್ಮ ಹೆಸರೇ ಇರುತ್ತದೆ. ಆ ನಂಬರ್ ಪ್ಲೇಟ್ ನಾಳೆ ಯಾವ ಗಾಡಿಗೆ ಹತ್ತಿ ಏನು ಮಾಡಿದರೂ ಪೊಲೀಸರು ಬರುವುದು ನಿಮ್ಮ ಮನೆಗೆ. ಈಗ ನೋಂದಾಯಿತ ಗುಜರಿ ಕೇಂದ್ರಗಳು ಇವೆ, ಅಲ್ಲಿ ಕೊಟ್ಟರೆ ಡಿಪಾಸಿಟ್ ಸರ್ಟಿಫಿಕೇಟ್ ಕೊಡುತ್ತಾರೆ, ಅದು ಇದ್ದರೆ ಹೊಸ ಗಾಡಿಗೆ ನೋಂದಣಿ ಶುಲ್ಕ ಇಲ್ಲ. ದುಡ್ಡು ಸ್ವಲ್ಪ ಕಡಿಮೆ ಸಿಕ್ಕರೂ ರಾತ್ರಿ ನಿದ್ದೆ ಬರುತ್ತದೆ.

ಇನ್ನೆರಡು ವಿಷಯ ಬೇಗ ಹೇಳಿಬಿಡುತ್ತೇನೆ. ಬಂಕ್‌ನಲ್ಲಿ ಈಗ ಬರುವುದು ಶೇ 20 ಎಥನಾಲ್ ಬೆರೆಸಿದ ಪೆಟ್ರೋಲ್. 2023ಕ್ಕಿಂತ ಹಿಂದಿನ ಬಹುತೇಕ ಗಾಡಿಗಳನ್ನು ಅದಕ್ಕೆ ಅಂತ ಮಾಡಿದ್ದಲ್ಲ. ನನಗೆ ಲೀಟರಿಗೆ ಹತ್ತಿರ ಹತ್ತಿರ ಒಂದು ಕಿಲೋಮೀಟರ್ ಕಡಿಮೆಯಾಗಿದೆ. ಪೆಟ್ರೋಲ್ ಹೋಗುವ ರಬ್ಬರ್ ಪೈಪ್ ಉಬ್ಬಿತ್ತು, ಬದಲಾಯಿಸಿದೆ. ಹಳೆ ಗಾಡಿ ಇರುವವರು ಆ ಪೈಪ್ ಒಮ್ಮೆ ನೋಡಿಸಿ, ಅಲ್ಲಿ ಸೋರಿದರೆ ಬೆಂಕಿ. ಇನ್ನೊಂದು, ಬಿಡಿಭಾಗ. ಮಾರುತಿ 800 ತಯಾರಾಗುವುದು 2014ರಲ್ಲೇ ನಿಂತಿದ್ದರೂ ಅದರ ಸಾಮಾನು ನಮ್ಮೂರಿನ ಅಂಗಡಿಯಲ್ಲೇ ಸಿಗುತ್ತದೆ. ಆದರೆ ಷೆವರ್ಲೆ 2017ರ ಕೊನೆಗೆ ಇಲ್ಲಿ ಮಾರಾಟ ನಿಲ್ಲಿಸಿತು, ಫೋರ್ಡ್ 2021ರಲ್ಲಿ ಇಲ್ಲಿನ ತಯಾರಿಕೆ ನಿಲ್ಲಿಸುವುದಾಗಿ ಹೇಳಿತು. ಅಂಥ ಗಾಡಿ ಇರುವವರು ದೊಡ್ಡ ರಿಪೇರಿಗೆ ಕೈ ಹಾಕುವ ಮುಂಚೆ ಸಾಮಾನು ಎಲ್ಲಿ ಸಿಗುತ್ತೆ, ಎಷ್ಟು ದಿನಕ್ಕೆ ಬರುತ್ತೆ ಅಂತ ಕೇಳಿಕೊಳ್ಳಲಿ.

ಮತ್ತೆ, ಗಾಡಿ ಕೈಕೊಟ್ಟ ದಿನ ಯಾವ ನಿರ್ಧಾರವನ್ನೂ ಮಾಡಬೇಡಿ. ನನ್ನ ರೇಡಿಯೇಟರ್ ಹೋಸ್ ಒಡೆದದ್ದು ಚೋರಡಿ ಹತ್ತಿರ, ಜುಲೈ ತಿಂಗಳು, ಸುರಿವ ಮಳೆ, ಜೊತೆಗೆ ಹೆಂಡತಿ, ಅವಳ ಕೈಯಲ್ಲಿ ತಮ್ಮನ ಮಗನ ನಾಮಕರಣಕ್ಕೆ ಅಂತ ತಗೊಂಡ ಬೆಳ್ಳಿ ಬಟ್ಟಲು. ಎರಡು ಗಂಟೆ ನಿಂತೆವು. ಅವತ್ತು ರಾತ್ರಿ ನಾನು ಹೊಸ ಕಾರಿನ ಬಣ್ಣದವರೆಗೂ ತೀರ್ಮಾನ ಮಾಡಿಬಿಟ್ಟಿದ್ದೆ. ನಾಲ್ಕು ದಿನ ಆದಮೇಲೆ ಬಿಲ್ 4,900 ಬಂತು, ಬಣ್ಣ ಮರೆತುಹೋಯಿತು.

ಇಷ್ಟೆಲ್ಲ ಹೇಳಿದ ಮೇಲೂ ಒಂದು ಕಡೆ ನನ್ನ ಬಾಯಿ ಕಟ್ಟುತ್ತದೆ, ಅದನ್ನೂ ಬರೆಯದಿದ್ದರೆ ಸರಿಯಾಗುವುದಿಲ್ಲ. ನನ್ನ ಗಾಡಿಯಲ್ಲಿ ಏರ್‌ಬ್ಯಾಗ್ ಇಲ್ಲ, ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಜಾರದಂತೆ ತಡೆಯುವ ಎಬಿಎಸ್ ಇಲ್ಲ. 2019ರಿಂದ ಹೊಸ ಕಾರುಗಳಿಗೆ ಎಬಿಎಸ್ ಕಡ್ಡಾಯ, 2022ರಿಂದ ಮುಂದಿನ ಎರಡೂ ಸೀಟಿಗೆ ಏರ್‌ಬ್ಯಾಗ್ ಕಡ್ಡಾಯ. ಎಷ್ಟೇ ಒಳ್ಳೆ ಮೇಸ್ತ್ರಿಯಾದರೂ ಇವನ್ನು ನನ್ನ ಗಾಡಿಗೆ ಹಾಕಿ ಕೊಡಲಾರ. ಬೆಂಗಳೂರಿನಲ್ಲಿರುವ ಮಗಳು, "ಅಪ್ಪ, ನಿಮ್ಮ ನೋಟ್‌ಬುಕ್‌ನಲ್ಲಿ ಇದಕ್ಕೆ ಕಾಲಮ್ ಎಲ್ಲಿದೆ?" ಅಂತ ಕೇಳಿದಳು. ಇಲ್ಲ. ಹುಡುಕಿದೆ, ಯಾವ ಕಾಲಮ್‌ನಲ್ಲೂ ಅದು ಕೂರುವುದಿಲ್ಲ. ಹೆಂಗಸರು ಮಕ್ಕಳನ್ನು ಕೂರಿಸಿಕೊಂಡು ದಿನಾ ಹೈವೇಯಲ್ಲಿ ಓಡಾಡುವವರು, ರಾತ್ರಿ ಘಾಟಿ ಇಳಿಯುವವರು ನನ್ನ 1,500–7,000 ಲೆಕ್ಕ ಪಕ್ಕಕ್ಕಿಟ್ಟು ಹೊಸದು ತಗೊಳ್ಳಲಿ. ಅದು ದುಂದು ಅಂತ ನಾನಂತೂ ಹೇಳುವುದಿಲ್ಲ.

ನಾನು ಮಾಡಿಕೊಂಡ ರಾಜಿ ಇಷ್ಟು. ಗಾಡಿ ಊರಿನೊಳಗೆ, ತೋಟಕ್ಕೆ, ಹಗಲು ಹೊತ್ತು ಮಾತ್ರ. ಶಿವಮೊಗ್ಗಕ್ಕೆ ಬಸ್ಸು, ಬೆಂಗಳೂರಿಗೆ ತಾಳಗುಪ್ಪ ರೈಲು. ಶಕ್ತಿ ಯೋಜನೆ ಬಂದ ಮೇಲೆ ನನ್ನ ಹೆಂಡತಿಯಂತೂ ಕಾರು ಹತ್ತುವುದನ್ನೇ ಬಿಟ್ಟಿದ್ದಾಳೆ, ನಿಮ್ಮ ಗಾಡಿಗೆ ಪೆಟ್ರೋಲ್ ಬೇಕು, ನನಗೆ ಆಧಾರ್ ಕಾರ್ಡ್ ಸಾಕು ಅನ್ನುತ್ತಾಳೆ. 2029ರಲ್ಲಿ ಇಪ್ಪತ್ತು ವರ್ಷ ತುಂಬುತ್ತದೆ, ಆಗ ಮತ್ತೆ ಮ್ಯಾಟ್ ಎತ್ತಿ, ಬಡಿಸಿ ನೋಡಿ, ಹತ್ತು ಸಾವಿರ ಕಟ್ಟುವುದೋ ಬೇಡವೋ ಅಂತ ನೋಡುತ್ತೇನೆ.

ಈ ಸಲ ನಮ್ಮೂರ ಮಾರಿ ಜಾತ್ರೆ. ಮಗಳು ಮೊಮ್ಮಗನನ್ನು ಕರಕೊಂಡು ಬರುತ್ತಾಳೆ. ಮಗು ದೊಡ್ಡದಾಗುವ ತನಕ ನಿಮ್ಮ ಕಾರಿನಲ್ಲಿ ಕೂರಿಸುವುದಿಲ್ಲ ಅಂತ ಮೊದಲೇ ಹೇಳಿದ್ದಾಳೆ, ಸ್ಟೇಷನ್‌ನಿಂದ ಮನೆಗೆ ಆಟೋದಲ್ಲಿ ಬರುತ್ತಾಳಂತೆ. ಆಟೋದಲ್ಲಿ ಎಷ್ಟು ಏರ್‌ಬ್ಯಾಗ್ ಇರುತ್ತವೆ ಅಂತ ಕೇಳೋಣ ಅನಿಸಿತು. ಕೇಳಲಿಲ್ಲ. ಪರಿಚಯದ ಆಟೋದವನಿಗೆ ಹೇಳಿಟ್ಟಿದ್ದೇನೆ, ನಿಧಾನ ಓಡಿಸು ಅಂತ.

ಇಂತಿ,
ನಿಮ್ಮ ಓದುಗ
ಸಾಗರ, ಶಿವಮೊಗ್ಗ ಜಿಲ್ಲೆ